ಏಳನೆಯ ಗೂಟದ ಕುಣಿ

ಏರಿ ಕಟ್ಟಿದ ನೂರಾ ಎಂಬತ್ತೊಂದನೆಯ ವರ್ಷ,
ಮೂರನೆಯ ಆಷಾಢ, ಮೂವತ್ನಾಲ್ಕನೆಯ ದಿನ,
ಗೂಟದ ಮನೆ, ಎಂಟೂರ ಕೆರೆ ಏರಿ.

ಈ ಏರಿ ಇನ್ನೂ ಹುಟ್ಟದ ಕಾಲದಲ್ಲಿರುವ ಹಿರಿಯರಿಗೆ ಹೇಮವ್ವನ ಶರಣು.

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ನಿಮ್ಮ ತಪ್ಪಿಲ್ಲ. ನಿಮ್ಮ ಕಾಲದಲ್ಲಿ ಆಷಾಢಕ್ಕೆ ಮೂವತ್ತೇ ದಿನವೆಂದೂ, ಅದು ಮುಗಿಯುವ ಹೊತ್ತಿಗೆ ಮಳೆ ತಾನಾಗಿ ಬಂದಿರುತ್ತಿತ್ತೆಂದೂ ಕೇಳಿದ್ದೇನೆ. ನಮ್ಮಲ್ಲಿ ಮಳೆ ಬೀಳುವ ತನಕ ಶ್ರಾವಣ ಎಂಬ ಮಾತನ್ನು ಯಾರೂ ಬಾಯಲ್ಲಿ ತರುವುದಿಲ್ಲ. ಆಷಾಢವೇ ಒಂದು, ಎರಡು, ಮೂರು ಎಂದು, ಒಂದೊಂದೂ ನಲವತ್ತೈದು ದಿನದಂತೆ, ಬೆಳೆಯುತ್ತ ಹೋಗುತ್ತದೆ. ಕಳೆದ ವರ್ಷ ನಾಲ್ಕು ಬಂದಿದ್ದವು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಪದಗಳನ್ನು ನಾನು ತಪ್ಪಾಗಿ ಬಳಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಬರಹವೆಂದು ನನ್ನ ಹತ್ತಿರ ಇರುವುದು ಮೂರೇ ಕಾಗದ: ಒಂದು ಮದುವೆಯ ಕರೆಯೋಲೆ, ಪಂಪ್‌ಸೆಟ್ಟು ಜೋಡಿಸುವ ವಿವರ, ಮೂರನೆಯ ತರಗತಿಯ ಗಣಿತದ ಅರ್ಧ ಪುಸ್ತಕ. ಆದ್ದರಿಂದ ನನ್ನ ಬರಹ ಒಮ್ಮೆ ಮದುವೆಗೆ ಕರೆದಂತೆ, ಒಮ್ಮೆ ಪಂಪು ಬಿಚ್ಚಿದಂತೆ ಕಾಣಬಹುದು.

ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಏರಿಯಲ್ಲಿ ಒಂದು ಗೂಟ ಕಿತ್ತರೆ ಅದರ ಕುಣಿಯನ್ನು ಖಾಲಿ ಬಿಡುವಂತಿಲ್ಲ. ಖಾಲಿ ಕುಣಿ ನೀರಿಗೆ ದಾರಿ. ಅದನ್ನು ಮಣ್ಣಿನಿಂದ ಬಿಗಿಯಾಗಿ ತುಂಬಬೇಕು, ತುಂಬುವ ಮೊದಲು ಅದರ ತಳಕ್ಕೆ ಒಂದು ಕಾಗದ ಇಳಿಸಬೇಕು. ನೆಲದಲ್ಲಿ ಕೆಳಗೆ ಹೋದಷ್ಟೂ ಹಿಂದಿನವರ ಮಣ್ಣು ಸಿಗುತ್ತದೆ, ಹಾಗಾಗಿ ತಳಕ್ಕೆ ಹಾಕಿದ ಕಾಗದವನ್ನು ಹಿಂದಿನವರು ಓದುತ್ತಾರೆ ಎಂಬುದು ನಮ್ಮವರ ನಂಬಿಕೆ. ನಾನು ನಂಬುತ್ತೇನೋ ಇಲ್ಲವೋ ಕೇಳಬೇಡಿ. ಹನ್ನೊಂದು ವರ್ಷದಿಂದ ಒಬ್ಬಳೇ ಇರುವವಳಿಗೆ ಯಾರಾದರೂ ಓದುತ್ತಾರೆ ಎಂದುಕೊಳ್ಳುವುದೇ ಒಂದು ಊಟ.

ಏರಿಯ ವಿಷಯ. ಇದರ ಉದ್ದ ಆರು ಸಾವಿರ ಮಾರು. ಪೂರ್ತಿ ಮಣ್ಣಿನದು, ಎತ್ತರ ಒಂಬತ್ತು ಆಳು. ಒಂದು ಕಡೆ ಕೆರೆ, ಇನ್ನೊಂದು ಕಡೆ ತಗ್ಗಿನಲ್ಲಿ ಎಂಟು ಊರು, ಹನ್ನೊಂದು ಸಾವಿರ ಜನ. ಮಳೆ ನಮ್ಮ ಮೇಲೆ ಬೀಳದಿದ್ದರೂ ದೂರದ ಮೇಲ್ಗಡೆಯವರು ವರ್ಷಕ್ಕೆರಡು ಸಲ ನೀರು ಬಿಡುತ್ತಾರೆ, ಅದನ್ನು ಈ ಏರಿ ಹಿಡಿದಿಟ್ಟುಕೊಳ್ಳುತ್ತದೆ. ಏರಿ ಒಡೆದರೆ ಕೆಳಗಿನವರು ಮೊದಲು ನೀರಿನಿಂದ ಸಾಯುತ್ತಾರೆ, ಉಳಿದವರು ನೀರಿಲ್ಲದೆ ಸಾಯುತ್ತಾರೆ. ಮಣ್ಣಿನ ಏರಿ ಒಡೆಯುವುದು ಹೊರಗಿನಿಂದಲ್ಲ. ಒಳಗೆ ಎಲ್ಲೋ ಒಂದು ಕಡೆ ನೀರು ಬೆರಳಿನಷ್ಟು ದಾರಿ ಮಾಡಿಕೊಂಡು, ದಿನಕ್ಕೊಂದು ಹಿಡಿ ಮಣ್ಣು ಹೊತ್ತುಕೊಂಡು ಹೋಗುತ್ತದೆ. ಮೇಲೆ ನಿಂತವನಿಗೆ ಏನೂ ಕಾಣುವುದಿಲ್ಲ.

ಅದಕ್ಕಾಗಿ ನಾಡಿಗೂಟಗಳಿವೆ. ಎರಡಾಳು ಉದ್ದದ ಗೂಟ, ಒಳಗೊಂದು ಹರಳು. ಏರಿಗೆ ಹೊಡೆದು ಅದರ ತಲೆಯ ಮೇಲೆ ಅಂಗೈ ಇಟ್ಟರೆ ಸಣ್ಣಗೆ ಬಡಿಯುತ್ತದೆ, ಮಲಗಿದವರ ಮಣಿಕಟ್ಟು ಹಿಡಿದಂತೆ. ಒಳಗೆ ನೀರಿನ ಒತ್ತಡ ಹೆಚ್ಚಿದಷ್ಟೂ ಬಡಿತ ಚುರುಕು. ಒಂದು ಮರಳುಗೊಳವೆ ಖಾಲಿಯಾಗುವಷ್ಟರಲ್ಲಿ ಇಪ್ಪತ್ತೆರಡೋ ಇಪ್ಪತ್ತೈದೋ ಬಡಿದರೆ ಏರಿ ಆರಾಮಾಗಿದೆ. ನಲವತ್ತೈದು ದಾಟಿದರೆ ಊರಿಗೆ ಹೇಳಿ ಕಳಿಸಬೇಕು. ಆ ಹರಳು ಮಾಡುವ ವಿದ್ಯೆ ನನ್ನ ಅಜ್ಜಿಯ ಕಾಲಕ್ಕೇ ಮುಗಿದುಹೋಯಿತು. ಇದ್ದ ಗೂಟಗಳೇ ಇದ್ದವು, ಒಂದೊಂದಾಗಿ ಕೆಟ್ಟು ಈಗ ಹತ್ತೊಂಬತ್ತು ಉಳಿದಿವೆ.

ಆರು ಸಾವಿರ ಮಾರಿಗೆ ಹತ್ತೊಂಬತ್ತು ಗೂಟ. ನಮ್ಮ ಕಸುಬೆಲ್ಲ ಇಷ್ಟರಲ್ಲೇ ಇದೆ: ಅವನ್ನು ಎಲ್ಲೆಲ್ಲಿ ಹೊಡೆದರೆ ಹೊಡೆಯದ ಜಾಗದ ಸುದ್ದಿಯೂ ಗೊತ್ತಾಗುತ್ತದೆ? ಗೂಟದ ಮನೆಯ ಗೋಡೆಯ ಮೇಲೆ ಒಂದು ಉದ್ದನೆಯ ಬಟ್ಟೆ ತೂಗುಹಾಕಿದೆ, ಅದಕ್ಕೆ ಕತ್ತಲಪಟ ಎನ್ನುತ್ತೇವೆ. ಅದರ ಮೇಲೆ ಏರಿಯ ಚಿತ್ರ, ಏರಿಯ ಮೇಲೆಲ್ಲ ಇದ್ದಿಲು. ನಮಗೆ ಏನೂ ಗೊತ್ತಿಲ್ಲದ ಕಡೆ ಕಪ್ಪಗೆ ಬಳಿದಿರುತ್ತದೆ. ಒಂದು ಗೂಟ ಹೊಡೆದರೆ ಅದರ ಸುತ್ತ ಎಷ್ಟು ದೂರದ ಮಣ್ಣು ಅದರ ಜೊತೆಗೇ ಏರಿಳಿಯುತ್ತದೋ ಅಷ್ಟು ದೂರ ಇದ್ದಿಲು ಒರೆಸುತ್ತೇವೆ. ನೂರು ವರ್ಷದ ಬಡಿತಗಳ ಪುಸ್ತಕಗಳಿವೆ, ಯಾವ ಜಾಗ ಯಾವ ಜಾಗದ ಜೊತೆ ಏರುತ್ತದೆಂದು ಅದರಿಂದ ತಿಳಿಯುತ್ತದೆ. ಒಂದೇ ಕಡೆ ಎರಡು ಗೂಟ ಹೊಡೆದರೆ ಎರಡನೆಯದಕ್ಕೆ ಒರೆಸಲು ಇದ್ದಿಲೇ ಇರುವುದಿಲ್ಲ. ಹತ್ತೊಂಬತ್ತನ್ನೂ ಎಲ್ಲ ಬಗೆಯಲ್ಲಿ ಜೋಡಿಸಿ ನೋಡಹೊರಟರೆ ಏರಿ ಸವೆದು ನೆಲಸಮವಾದರೂ ಲೆಕ್ಕ ಮುಗಿಯುವುದಿಲ್ಲ. ಹಾಗಾಗಿ ಒಂದೊಂದಾಗಿ ಆರಿಸುತ್ತೇವೆ. ಎಲ್ಲಿ ಹೊಡೆದರೆ ಹೆಚ್ಚು ಕತ್ತಲೆ ಹರಿಯುತ್ತದೋ ಅಲ್ಲಿ ಮೊದಲನೆಯದು. ಉಳಿದ ಕತ್ತಲೆಗೆ ಎರಡನೆಯದು. ಹೀಗೆ. ಇದು ಎಲ್ಲಕ್ಕಿಂತ ಒಳ್ಳೆಯ ಜೋಡಣೆ ಎಂದು ಆಣೆ ಮಾಡಲಾರೆ, ಆದರೆ ಅದರ ಹತ್ತಿರಕ್ಕೆ ಬರುತ್ತದೆ.

ಇದನ್ನು ನನಗೆ ಕಲಿಸಿದವರು ನನ್ನ ಗಂಡ ಈರಬಸಪ್ಪ. ಗೂಟದ ಮನೆಗೆ ಯಾವಾಗಲೂ ಇಬ್ಬರು ಬೇಕೆಂದು ಕಟ್ಟಳೆ. ಒಬ್ಬರು ನಾಡಿ ನೋಡುವವರು, ಇನ್ನೊಬ್ಬರು ಎಣಿಸುವವರು. ಅವರು ಎಣಿಸುತ್ತಿದ್ದರು, ನಾನು ನಾಡಿ ನೋಡುತ್ತಿದ್ದೆ, ಸಂಜೆ ಇಬ್ಬರೂ ಜಗಳವಾಡುತ್ತಿದ್ದೆವು. ಹೊಸದರಲ್ಲಿ ನಾನು ತೂಬಿನ ಹತ್ತಿರ ಗೂಟ ಹೊಡೆಯೋಣವೆಂದು ಹಟ ಹಿಡಿದಿದ್ದೆ. ಅಲ್ಲಿ ನಾಡಿ ಜೋರಾಗಿ ಬಡಿಯುತ್ತದೆ, ಕೈಗೆ ಹಿತ. ಅವರು ನಕ್ಕು, “ಹೇಮೀ, ಜೋರಾಗಿ ಬಡಿಯೂ ಜಾಗಾ ಹುಡಕಬ್ಯಾಡ. ತೂಬು ತನ್ನ ಸುದ್ದಿ ಅಷ್ಟ ಹೇಳ್ತೈತಿ, ಮಂದಿ ಸುದ್ದಿ ಹೇಳೂದಿಲ್ಲ. ಎಲ್ಲಿ ಹೊಡದ್ರ ಭಾಳ ಕತ್ತಲಿ ಹರೀತೈತಿ, ಅದನ್ನ ಹುಡಕು,” ಎಂದಿದ್ದರು.

ನಮ್ಮವರ ಒಂದು ಪದ್ಧತಿ ಈ ವಿದ್ಯೆಗೆ ಸದಾ ಅಡ್ಡ ಬರುತ್ತದೆ. ಏರಿಯ ಕೆಲಸದಲ್ಲಿ ಯಾರಾದರೂ ಸತ್ತರೆ ಆ ಜಾಗಕ್ಕೆ ಒಂದು ಗೂಟ ತಂದು ಹೊಡೆದು ಅವರ ಹೆಸರಿಡುತ್ತಾರೆ. ವರ್ಷಕ್ಕೊಮ್ಮೆ ಏರಿಪೂಜೆಯ ದಿನ ಆ ಹೆಸರುಗಳನ್ನೆಲ್ಲ ಕೂಗುತ್ತಾರೆ. ಜನ ಸಾಯುವುದು ಏರಿ ಒಡೆದ ಕಡೆ. ಒಡೆದ ಕಡೆಯನ್ನು ಊರೆಲ್ಲ ಸೇರಿ ಸುಣ್ಣ, ಕಲ್ಲು, ಜಿಗಟು ಮಣ್ಣು ಹಾಕಿ ಎಷ್ಟು ಬಿಗಿಯಾಗಿ ಕಟ್ಟುತ್ತಾರೆಂದರೆ ಆಮೇಲೆ ಇಡೀ ಏರಿಯಲ್ಲಿ ಅದೇ ಗಟ್ಟಿ ಜಾಗ. ಹಾಗಾಗಿ ತಲೆಮಾರು ಕಳೆದಂತೆ ನಮ್ಮ ಗೂಟಗಳೆಲ್ಲ ಇನ್ನು ಒಡೆಯಲಾರದ ಕಡೆಗಳಲ್ಲೇ ಗುಂಪುಗೂಡಿದವು. ನೋವು ಎಲ್ಲಿ ಆಗಿತ್ತೋ ಅಲ್ಲಿ ಕೈಯಿಟ್ಟು ಕೂತೆವು. ಇದನ್ನು ನಾವಿಬ್ಬರೂ ಎಷ್ಟು ಆಡಿಕೊಳ್ಳುತ್ತಿದ್ದೆವು ಎಂದರೆ ಈರಬಸಪ್ಪ ಊಟಕ್ಕೆ ಕೂತಾಗಲೂ, “ನಾ ಸತ್ತ ಜಾಗಕ್ಕ ಗೂಟ ಹೊಡದು ದಂಡ ಮಾಡಬ್ಯಾಡ ಮತ್ತ. ಎರಡು ಹೂವು ಇಡು, ಸಾಕು,” ಎನ್ನುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ, ಗೂಟದ ಮನೆಯಿಂದ ಐವತ್ತು ಹೆಜ್ಜೆ ದೂರದಲ್ಲಿ ಏರಿ ಕುಸಿಯಿತು. ಬುಟ್ಟಿ ಹಿಡಿದು ಮೊದಲು ಇಳಿದವರು ಅವರು. ಮಣ್ಣು ಅವರ ಮೇಲೆ ಬಿತ್ತು. ಮೂರನೆಯ ದಿನ ಊರಿನವರು ಗೂಟ ತಂದು ನಿಂತಾಗ ನಾನು ಬೇಡ ಎನ್ನಲಿಲ್ಲ. ಆರನೆಯ ಗೂಟ ಈ ಕಡೆ, ಎಂಟನೆಯದು ಆ ಕಡೆ ಹತ್ತಿರದಲ್ಲೇ ಇವೆ, ನಡುವೆ ಇನ್ನೊಂದಕ್ಕೆ ಮಾಡಲು ಕೆಲಸವಿಲ್ಲ ಎಂದು ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಏರಿಯ ಮೇಲೆ ಯಾರೂ ಇರಲಿಲ್ಲ. ಆದರೂ ಸುತ್ತಿಗೆಯ ಮೊದಲ ಏಟು ನಾನೇ ಹಾಕಿದೆ. ಅದೇ ಏಳನೆಯ ಗೂಟ.

ಅಂದಿನಿಂದ ನಾಡಿ ನೋಡುವವಳೂ ನಾನೇ, ಎಣಿಸುವವಳೂ ನಾನೇ. ಊರಿನವರು ಎರಡನೆಯವರನ್ನು ಕಳಿಸುತ್ತೇವೆ ಎಂದರು, ಬಂದವರು ಯಾರೂ ಒಂದು ಬೇಸಿಗೆಗಿಂತ ಹೆಚ್ಚು ನಿಲ್ಲಲಿಲ್ಲ. ಇಲ್ಲಿಯ ಬದುಕು ಹಾಗಿದೆ. ಬೆಳಗಿನ ಬೆಳಕಿಗೆ ಎದ್ದು ಒಂದು ದಿನ ಪಡುವಣ ಗೂಟಗಳು, ಮರುದಿನ ಮೂಡಣ ಗೂಟಗಳು. ಬಿಸಿಲು ಮಾರುದ್ದ ಏರುವ ಮೊದಲು ಮನೆ ಸೇರಬೇಕು, ಆಮೇಲೆ ಸಂಜೆಯ ತನಕ ನೆಲದೊಳಗಿನ ಕೋಣೆಯಲ್ಲಿ ಕೂರಬೇಕು. ಹೊರಗೆ ಕಲ್ಲಿನ ಮೇಲೆ ಸೆಣಬಿನ ಚೀಲ ಇಟ್ಟರೂ ಸುಟ್ಟ ಕಮರು ವಾಸನೆ ಬರುತ್ತದೆ. ನವಣೆ ರೊಟ್ಟಿ, ಗುರೆಳ್ಳು ಚಟ್ನಿ, ಒಣಗಿಸಿದ ಪುಂಡಿಪಲ್ಲೆ. ಮಾತಾಡಲು ಯಾರೂ ಇಲ್ಲದ್ದರಿಂದ ಪಟದ ಜೊತೆ ಮಾತಾಡುತ್ತೇನೆ, ಕೆಲವೊಮ್ಮೆ ಬೈಯುತ್ತೇನೆ. ಪಡುವಣದ ದಿನವಾಗಲಿ ಮೂಡಣದ ದಿನವಾಗಲಿ, ಮೊದಲು ಕೈಯಿಡುತ್ತಿದ್ದದ್ದು ಏಳನೆಯ ಗೂಟದ ಮೇಲೆ. ಇಪ್ಪತ್ನಾಲ್ಕು ಬಡಿತ. ಮರಳು ಮುಗಿದ ಮೇಲೂ ಕೈ ತೆಗೆಯುತ್ತಿರಲಿಲ್ಲ. ದಿನಕ್ಕೊಮ್ಮೆ ನನ್ನ ಕೈಯನ್ನು ಏನಾದರೂ ಬಡಿಯುತ್ತಿದ್ದರೆ ಅದು ಅದೊಂದೇ.

ಎಂಟು ದಿನಕ್ಕೊಮ್ಮೆ ಮಾಲನಬಿ ಬರುತ್ತಿದ್ದಳು. ಅವಳು ಗಾಳಿಬಂಡಿಯವಳು. ನಮ್ಮಲ್ಲಿ ಎತ್ತುಗಳಿಲ್ಲ, ಹಾಯಿ ಕಟ್ಟಿದ ಬಂಡಿಯನ್ನು ಗಾಳಿಯೇ ಎಳೆಯುತ್ತದೆ. ಏರಿಯ ಬುಡದ ದಾರಿಯಲ್ಲಿ ಬಂದು ಗೂಟದ ಮನೆಯ ಹತ್ತಿರ ಇಳುಕಲಿನಲ್ಲಿ ಮೇಲೆ ಹತ್ತುತ್ತಾಳೆ. ಬುತ್ತಿ ಎಸೆದು ಹಾಗೇ ಹೋಗುವುದಾದರೆ ಹಾಯಿಯ ಹಗ್ಗ ಸಡಿಲಿಸಿದರೆ ಸಾಕು. ಬಂಡಿಯಿಂದ ಇಳಿಯಬೇಕಾದರೆ ಹಾಯಿಯನ್ನು ಪೂರ್ತಿ ಇಳಿಸಲೇಬೇಕು, ಇಲ್ಲವಾದರೆ ಬಂಡಿ ಅವಳನ್ನು ಬಿಟ್ಟು ಓಡಿಹೋಗುತ್ತದೆ. ಮಾಲನಬಿ ಪ್ರತಿ ಸಲವೂ ಹಾಯಿ ಇಳಿಸುತ್ತಿದ್ದಳು. ಇಡೀ ಮಧ್ಯಾಹ್ನ ನನ್ನ ಕೋಣೆಯಲ್ಲಿ ಕಾಲು ಚಾಚಿ ಕೂತು ಎಂಟೂರಿನ ಸುದ್ದಿಯನ್ನೆಲ್ಲ ಹೇಳಿ, ನಡುನಡುವೆ ನನ್ನ ಚಟ್ನಿಗೆ ಹೆಸರಿಟ್ಟು ಹೋಗುತ್ತಿದ್ದಳು. ಅವಳಪ್ಪ ಬುಟ್ಟಿ ಹೊರುವವನಾಗಿದ್ದ, ಹನ್ನೆರಡನೆಯ ಗೂಟದ ಜಾಗದಲ್ಲಿ ಬಿಸಿಲು ಬಡಿದು ಬಿದ್ದು ಸತ್ತ. ಅಲ್ಲಿ ಏರಿ ಒಡೆದಿರಲಿಲ್ಲ, ಬರೀ ಅವನು ಬಿದ್ದಿದ್ದ. ಆದ್ದರಿಂದ ಅವನ ಹೆಸರಿನ ಗೂಟ ನೆನಪಿನ ಗೂಟಗಳಲ್ಲೆಲ್ಲ ಬೇರೆ ತರಹದ್ದು. ಅದು ನಿಂತಿದ್ದದ್ದು ಮಸಾರಿಯ ಕೆಂಪು ಮಣ್ಣು ಮುಗಿದು ಎರೆಯ ಕಪ್ಪು ಮಣ್ಣು ಶುರುವಾಗುವ ಕಡೆ. ಅಲ್ಲಿಯ ಸುದ್ದಿಯನ್ನು ಹನ್ನೊಂದೂ ಹೇಳಲಾರದು, ಹದಿಮೂರೂ ಹೇಳಲಾರದು. ಆ ಗೂಟ ಒಂದೇ ಹೇಳಬೇಕು.

ಎರಡು ವರ್ಷದ ಹಿಂದೆ ಪಡುವಣ ತುದಿಯ ಗೂಟದ ಹರಳು ಸೀಳಿತು. ಇಪ್ಪತ್ತಿದ್ದವು ಹತ್ತೊಂಬತ್ತಾದವು, ಆ ತುದಿ ಕಪ್ಪಾಯಿತು. ಬೇರೆ ಕಡೆಯಿಂದ ಒಂದನ್ನು ಕಿತ್ತು ಅಲ್ಲಿಗೆ ಒಯ್ಯಬೇಕು, ಯಾವುದು ಎಣಿಸಿ ಹೇಳು ಎಂದು ಊರ ಹಿರಿಯರು ಕೂರುವ ಕಟ್ಟೆಯಿಂದ ಹೇಳಿಕಳಿಸಿದರು. ನಾನು ನಾಲ್ಕು ದಿನ ಕೂತು ಎಣಿಸಿದೆ. ಒಂದೊಂದು ಗೂಟವನ್ನೂ ಕಿತ್ತರೆ ಪಟದಲ್ಲಿ ಎಷ್ಟು ಬೆರಳು ಕತ್ತಲೆ ಹೆಚ್ಚುತ್ತದೆ ಎಂದು ಬರೆದೆ. ಏಳನೆಯದರ ಮುಂದೆ ಒಂದು ಬೆರಳು ಬಂತು. ಅದಕ್ಕಿಂತ ಕಡಿಮೆ ಯಾವುದೂ ಇರಲಿಲ್ಲ. ಹನ್ನೆರಡನೆಯದರ ಮುಂದೆ ಒಂಬತ್ತು ಬಂತು. ಅದಕ್ಕಿಂತ ಹೆಚ್ಚು ಯಾವುದೂ ಇರಲಿಲ್ಲ.

ಕಟ್ಟೆಗೆ ಕಳಿಸಿದ ಹಾಳೆಯಲ್ಲಿ ಏಳರ ಮುಂದೆ ಒಂಬತ್ತು ಬರೆದೆ, ಹನ್ನೆರಡರ ಮುಂದೆ ಒಂದು ಬರೆದೆ.

ಯಾಕೆ ಎಂದು ಕೇಳುವಿರಿ. ಯಾವ ಗೂಟವನ್ನಾದರೂ ಹೆಸರಿಸಬಹುದಿತ್ತು, ಅಷ್ಟು ಕೆಡುಕಾಗದ ಎಷ್ಟೋ ಗೂಟಗಳಿದ್ದವು. ಆದರೆ ಬೇರೆ ಯಾವ ಮನೆಯವರೂ ತಮ್ಮ ಗೂಟ ಕೊಡಲು ಒಪ್ಪುತ್ತಿರಲಿಲ್ಲ, ಎಣಿಕೆ ತೋರಿಸು ಎಂದು ಜಗಳಕ್ಕೆ ಬರುತ್ತಿದ್ದರು. ಮಾಲನಬಿ ಒಪ್ಪುತ್ತಾಳೆ, ಏನೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನನ್ನು ಯಾರು ನಂಬುತ್ತಿದ್ದರೋ ಅವಳನ್ನೇ ಆರಿಸಿದೆ. ಅವಳು ಒಪ್ಪಿದಳು. ಕುಣಿ ತುಂಬುವ ದಿನ ತಳಕ್ಕೆ ಹಾಕುವ ಕಾಗದವನ್ನು ಬರೆದುಕೊಡೆಂದು ನನ್ನನ್ನೇ ಕೇಳಿದಳು, ಅವಳಿಗೆ ಬರಹ ಬಾರದು. ಅವಳು ಹೇಳಿದ್ದನ್ನು ನನ್ನ ಕೈಯಿಂದಲೇ ಬರೆದೆ: “ಅಬ್ಬಾ, ನಿನ್ನ ಗೂಟ ಬ್ಯಾರೆ ಕಡೆ ಬೇಕಾಗೇತಿ ಅಂತ ಹೇಮಕ್ಕ ಎಣಿಸಿ ಹೇಳ್ಯಾಳ. ಆಕಿ ಸುಳ್ಳು ಹೇಳೂ ಹೆಂಗಸಲ್ಲ, ಅದಕ್ಕ ಕೊಟ್ಟೀನಿ. ಸಿಟ್ಟಾಗಬ್ಯಾಡ.” ಬರೆದು, ಮಡಚಿ, ಕುಣಿಗೆ ಇಳಿಸಿದೆ. ಕುಣಿ ತುಂಬಲು ಇಬ್ಬರು ಬೇಕು, ಒಬ್ಬರು ಮಣ್ಣು ಸುರಿಯಬೇಕು, ಒಬ್ಬರು ದಮ್ಮಸ್ಸುಗೋಲಿನಿಂದ ಕುಟ್ಟಬೇಕು. ಅವಳು ಸುರಿದಳು, ನಾನು ಕುಟ್ಟಿದೆ. ಆ ಕಾಗದವೂ ಈಗ ನಿಮ್ಮ ಹತ್ತಿರವೇ ಇದ್ದೀತು. ಎರಡನ್ನೂ ಜೊತೆಗಿಟ್ಟು ಓದಿ.

ಗೂಟ ಇಲ್ಲದಿದ್ದರೇನು, ನಾನೇ ಕಣ್ಣಿಟ್ಟರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂಡಣದ ಸುತ್ತಿನ ದಿನ ಹನ್ನೆರಡರ ಹತ್ತಿರ ಏರಿಯ ಬುಡಕ್ಕೆ ಇಳಿದು ಮಣ್ಣು ಮುಟ್ಟಿ ನೋಡುತ್ತಿದ್ದೆ. ಐದಾರು ತಿಂಗಳು ನಡೆಯಿತು. ಆಮೇಲೆ ಮಂಡಿ ಹಿಡಿದುಕೊಂಡಿತು, ನಾಳೆ ಇಳಿದರಾಯಿತು ಎಂದೆ. ಹನ್ನೊಂದನೆಯದು ಇಪ್ಪತ್ತಮೂರು ಬಡಿಯುತ್ತಿತ್ತು, ಹದಿಮೂರನೆಯದು ಇಪ್ಪತ್ತೈದು. ನಡುವೆ ಕತ್ತಲೆ. ಪಟದ ಮೇಲೆ ಆ ಕತ್ತಲೆಯನ್ನು ನಾನು ಬಳಿದಿರಲೂ ಇಲ್ಲ, ಯಾರಾದರೂ ನೋಡಿಬಿಟ್ಟಾರು ಎಂದು.

ಈ ಸಲ ಮೇಲ್ಗಡೆಯವರ ಮೊದಲ ನೀರು ಬಂದು ಕೆರೆ ಮುಕ್ಕಾಲು ತುಂಬಿತು. ಈ ಆಷಾಢದ ಎರಡನೆಯ ದಿನ ಮಾಲನಬಿ ಬಂಡಿಯಿಂದ ಇಳಿಯುತ್ತಲೇ ನಗುನಗುತ್ತ ಹೇಳಿದಳು, “ಹೇಮಕ್ಕಾ, ಅಬ್ಬಾ ಬಿದ್ದ ಜಾಗದ ಕೆಳಗ ಹುಲ್ಲು ಹಸರಾಗೇತಿ. ಸುತ್ತ ಎಲ್ಲಾ ಒಣಗಿ ನಿಂತೈತಿ, ಅಲ್ಲೊಂದ ಹಚ್ಚಗ. ಹೋದ ಸರ್ತಿನೂ ಇತ್ತು, ಈ ಸರ್ತಿ ಇನ್ನೂ ಅಗಲ ಆಗೇತಿ. ನನಗ ಭಾಳ ಸಮಾಧಾನ ಆತು ನೋಡು.”

ಒಣ ಆಷಾಢದಲ್ಲಿ ಏರಿಯ ಬುಡದಲ್ಲಿ ಹಸಿರು ಎಂದರೆ ಒಳಗಿನಿಂದ ನೀರು ಹೊರಬಂದಿದೆ ಎಂದರ್ಥ. ಅವಳಿಗೆ ಅದು ಗೊತ್ತಿಲ್ಲ, ಅವಳು ಬಂಡಿಯವಳು. ಅವಳು ಅಪ್ಪ ಹರಸಿದ್ದಾನೆ ಎಂದುಕೊಂಡು ಎಂಟು ದಿನ ಸಂತೋಷವಾಗಿದ್ದಳು. “ಮೀಟುಗೋಲು ತಗೋ, ಏಳನೇ ಗೂಟ ಕೀಳೂನು,” ಎಂದೆ. “ನಿಂದಾ? ಅದನ್ಯಾಕ?” ಎಂದಳು. ಗೋಲಿನ ಎರಡು ತುದಿಗೆ ಇಬ್ಬರೂ ಕೈಹಾಕಿದ್ದೆವು. ಆಗ ಹೇಳಿದೆ. “ಎರಡು ವರ್ಷದ ಹಿಂದ ಕೀಳಬೇಕಿದ್ದದ್ದು ಇದು. ನಿಮ್ಮಪ್ಪಂದಲ್ಲ. ನಾ ಎಣಿಕಿ ತಿರುವಿ ಬರದೆ. ಈಗ ಅಲ್ಲಿ ಏರಿ ಸೋರಾಕತ್ತೈತಿ.”

ಅವಳು ಗೋಲಿನಿಂದ ಕೈ ತೆಗೆಯಲಿಲ್ಲ. ನನಗಿಂತ ಜೋರಾಗಿ ಒತ್ತಿದಳು, ಗೂಟ ಮೇಲೆ ಬಂತು. ಅದನ್ನು ಬಂಡಿಗೆ ಹೇರಿಕೊಂಡು ಹನ್ನೆರಡಕ್ಕೆ ಹೋದೆವು. ಅವಳಪ್ಪನ ಕುಣಿಯ ಮಣ್ಣು ಮೆತ್ತಗಿತ್ತು, ನಾನು ಕುಟ್ಟಿದ್ದದ್ದು ಅಷ್ಟು ಗಟ್ಟಿಯಾಗಿರಲಿಲ್ಲ. ಹೊಡೆದು ಮುಗಿಸಿದ ಮೇಲೆ ನಾನು ಮರಳುಗೊಳವೆ ತಿರುವಿ ಹಿಡಿದೆ, ಅವಳೇ ಅಂಗೈಯಿಟ್ಟು ಎಣಿಸಿದಳು. “ಅರವತ್ತೊಂದು,” ಎಂದಳು. ಊರಿಗೆ ಹೇಳಲು ಹಾಯಿ ಏರಿಸುವಾಗ ನನ್ನ ಕಡೆ ತಿರುಗದೆ ಇಷ್ಟು ಹೇಳಿದಳು: “ಎರಡು ವರ್ಷ ನನ್ನ ಮುಂದ ಕುಂತು, ನಾ ತಂದ ರೊಟ್ಟಿ ಉಂಡ್ಯಲ್ಲ ಹೇಮಕ್ಕಾ.” ಅದಾದ ಮೇಲೆ ಅವಳು ನನ್ನ ಜೊತೆ ಒಂದು ಮಾತೂ ಆಡಿಲ್ಲ.

ಎಂಟೂರಿನ ಜನ ಬುಟ್ಟಿ ಹೊತ್ತು ಬಂದರು. ತೂಬು ತೆಗೆದು ಕೆರೆಯ ನೀರನ್ನು ಎರಡಾಳು ಇಳಿಸಿದರು. ಬುಡದಲ್ಲಿ ಕಲ್ಲು, ಮರಳು ಹರವಿ, ಮೇಲಿನಿಂದ ಅಗೆದು ನೋಡಿದರೆ ಒಳಗೆ ಮನುಷ್ಯ ಕೂರುವಷ್ಟು ಪೊಳ್ಳಾಗಿತ್ತು. ಒಂಬತ್ತು ದಿನ ಕೆಲಸ ನಡೆಯಿತು. ಯಾರೂ ಸಾಯಲಿಲ್ಲ. ಮೇಲ್ಗಡೆಯವರ ಎರಡನೆಯ ನೀರು ಈ ಆಷಾಢದ ನಲವತ್ತೆರಡನೆಯ ದಿನ ಬಿಡುವುದಿದೆ, ಅದು ದೊಡ್ಡ ನೀರು. ಮಾಲನಬಿ ಹುಲ್ಲಿನ ಸುದ್ದಿ ಹೇಳದೆ ಹೋಗಿದ್ದರೆ ಆ ನೀರಿಗೆ ಏರಿ ನಿಲ್ಲುತ್ತಿರಲಿಲ್ಲ.

ಕೆಲಸ ಮುಗಿದ ದಿನ, ನನ್ನ ತಪ್ಪನ್ನು ನಾನೇ ಒಪ್ಪಿಕೊಂಡ ಮೇಲೆ, ಕಟ್ಟೆಯ ಹಿರಿಯ ಶಂಕರಲಿಂಗಪ್ಪ ಎಲ್ಲರ ಮುಂದೆ ತೀರ್ಪು ಹೇಳಿದ. “ನಿನ್ನ ಬಿಡಿಸಿದ್ರ ಎಣಸಾಕ ಇನ್ಯಾರದಾರ? ಅದಕ್ಕ ಅಲ್ಲೇ ಇರು. ಆದ್ರ ಏಳನೇ ಕುಣಿ ತುಂಬಾಕ ಊರಿಂದ ಯಾರೂ ಬರೂದಿಲ್ಲ. ಯಾರಿಗೆ ಮೋಸ ಮಾಡಿದೆಯೋ ಆಕಿ ಬಂದು ಕುಟ್ಟಿದ್ರ ಕುಟ್ಟಲಿ. ಗೂಟ ಕಿತ್ತ ದಿನದಿಂದ ನಲವತ್ತು ದಿನ ನೋಡೂನು. ಆಕಿ ಬರಲಿಲ್ಲಂದ್ರ ನಾವ ಸುಣ್ಣ ಕಲ್ಲು ಸುರದು ಮುಚ್ಚತೀವಿ.” ಸುಣ್ಣ ಸುರಿದ ಕುಣಿಗೆ ಕಾಗದ ಇಳಿಸುವಂತಿಲ್ಲ, ಏರಿಪೂಜೆಯಲ್ಲಿ ಆ ಹೆಸರು ಕೂಗುವಂತಿಲ್ಲ. ನಾನು ಬರೆದ ಸುಳ್ಳಿಗೆ ಈರಬಸಪ್ಪನ ಹೆಸರು ಅಳಿದುಹೋಗುತ್ತದೆ. ಅವರು ಕೇಳಿದ್ದು ಎರಡು ಹೂವು ಮಾತ್ರ.

ಗೂಟ ಕಿತ್ತು ಇವತ್ತಿಗೆ ಮೂವತ್ತೆರಡು ದಿನ. ಕುಣಿಯ ಬಾಯಿಗೆ ಮರದ ಬೆಣೆ ಬಡಿದಿದ್ದೇನೆ, ಪಕ್ಕದಲ್ಲಿ ಮಣ್ಣು ಹದಮಾಡಿ ಒದ್ದೆ ಗೋಣಿ ಮುಚ್ಚಿಟ್ಟಿದ್ದೇನೆ, ಒಣಗಿದರೆ ಮತ್ತೆ ಹದಮಾಡುತ್ತೇನೆ. ಎಂಟನೆಯ ದಿನ ಮಾಲನಬಿ ಬಂದಳು, ಹಗ್ಗ ಸಡಿಲಿಸಿ ಬುತ್ತಿ ಎಸೆದು ಹೋದಳು. ಹದಿನಾರನೆಯ ದಿನವೂ ಹಾಗೇ. ಇಪ್ಪತ್ನಾಲ್ಕನೆಯ ದಿನ ನಾನು ದಾರಿಯ ಪಕ್ಕಕ್ಕೇ ಹೋಗಿ ನಿಂತಿದ್ದೆ. ಬುತ್ತಿ ನನ್ನ ಕಾಲ ಹತ್ತಿರ ಬಿತ್ತು, ಬಂಡಿ ನಿಲ್ಲಲಿಲ್ಲ. ಬಿಚ್ಚಿದರೆ ರೊಟ್ಟಿ ಎಂದಿನಷ್ಟೇ ಇದ್ದವು, ಒಂದೂ ಕಡಿಮೆ ಇರಲಿಲ್ಲ. ಅದನ್ನು ನೋಡಿ ಅತ್ತುಬಿಟ್ಟೆ.

ಬೆಳಿಗ್ಗೆ ಈಗ ಮೊದಲು ಕೈಯಿಡಲು ಏನೂ ಇಲ್ಲ. ಬೆಣೆಯ ಮೇಲೆ ಕೈಯಿಟ್ಟು ನೋಡಿದ್ದೂ ಉಂಟು, ಮರ ಬಡಿಯುವುದಿಲ್ಲ. ಆದರೆ ಎಣಿಸುವವಳ ಚಾಳಿ ಹೋಗುವುದಿಲ್ಲ. ಆರನೆಯದನ್ನೂ ಎಂಟನೆಯದನ್ನೂ ನೋಡಿಬಂದು, ಏಳರ ಜಾಗದಲ್ಲಿ ಗೂಟ ಇದ್ದಿದ್ದರೆ ಎಷ್ಟು ಬಡಿಯುತ್ತಿತ್ತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಮೂವತ್ತೆರಡು ದಿನವೂ ಇಪ್ಪತ್ನಾಲ್ಕೇ ಬಂದಿದೆ. ಹನ್ನೊಂದು ವರ್ಷ ಯಾವುದನ್ನು ಕಳೆದುಕೊಳ್ಳಲಾರೆ ಎಂದು ಹಿಡಿದುಕೊಂಡಿದ್ದೆನೋ ಅದು ಆ ಎರಡು ಗೂಟಗಳಲ್ಲಿ ಮೊದಲಿನಿಂದಲೂ ಇತ್ತು. ಇದು ಗೊತ್ತಿದ್ದ ವಿಷಯವೇ. ಗೊತ್ತಿದ್ದರೂ ಕೈಗೆ ಬೇಕಾಗಿತ್ತು.

ಹಿರಿಯರೇ, ನನ್ನ ಕೋರಿಕೆ ಒಂದೇ. ನೀವು ಮುಂದೆ ಏನನ್ನಾದರೂ ಕಟ್ಟಿ ಅದರ ನಾಡಿ ನೋಡಲು ಗೂಟಗಳನ್ನು ಆರಿಸುವಾಗ ಜೋರಾಗಿ ಬಡಿಯುವಲ್ಲಿ ಹೊಡೆಯಬೇಡಿ, ಹಿಂದೆ ನೊಂದಲ್ಲೂ ಹೊಡೆಯಬೇಡಿ, ನಿಮಗೆ ಏನೂ ಗೊತ್ತಿಲ್ಲದಲ್ಲಿ ಹೊಡೆಯಿರಿ. ಇಷ್ಟನ್ನು ನಿಮ್ಮ ಕಾಲದವರೂ ಬಲ್ಲರು ಎಂದು ಕಾಣುತ್ತದೆ. ನಿಮಗೆ ಗೊತ್ತಿರಲಾರದ್ದು ಇನ್ನೊಂದಿದೆ. ಹತ್ತೊಂಬತ್ತು ಗೂಟಗಳೂ ಏರಿಯ ಮೇಲಿದ್ದವು, ನನ್ನ ಮೇಲೆ ಒಂದೂ ಇರಲಿಲ್ಲ. ಈ ಏರಿಯಲ್ಲಿ ಎಲ್ಲಕ್ಕಿಂತ ಕಪ್ಪಾಗಿದ್ದ ಜಾಗ ಗೂಟದ ಮನೆ. ಎಣಿಸುವವರನ್ನು ಒಂಟಿಯಾಗಿ ಬಿಡಬೇಡಿ. ಬಂದವರು ನಿಲ್ಲದಿದ್ದರೆ ಇನ್ನೊಬ್ಬರನ್ನು ಕಳಿಸಿ, ಅವರೂ ನಿಲ್ಲದಿದ್ದರೆ ಮತ್ತೊಬ್ಬರನ್ನು. ಪಕ್ಕದಲ್ಲಿ ಕೂತು, ಈ ಒಂಬತ್ತು ಎಲ್ಲಿಂದ ಬಂತು ಹೇಮೀ ಎಂದು ಕೇಳುವ ಒಬ್ಬರು ಇದ್ದಿದ್ದರೆ ನಾನು ಅದನ್ನು ಬರೆಯುತ್ತಿರಲಿಲ್ಲ.

ಈ ಕಾಗದವನ್ನು ಕುಣಿಯ ಪಕ್ಕ ಕೂತೇ ಬರೆಯುತ್ತಿದ್ದೇನೆ. ಬಿಸಿಲು ಇನ್ನೂ ಏರಿಲ್ಲ. ಬುಡದ ದಾರಿಯಲ್ಲಿ ಹಾಯಿ ಕಾಣಿಸಿ ಸ್ವಲ್ಪ ಹೊತ್ತಾಯಿತು. ಇವತ್ತು ಬಿಟ್ಟರೆ ನಲವತ್ತನೆಯ ದಿನ ಒಂದಿದೆ, ಆಮೇಲೆ ಸುಣ್ಣ. ಈಗ ಅವಳು ಹನ್ನೆರಡರ ಹತ್ತಿರ ಬಂದಿದ್ದಾಳೆ, ಅಲ್ಲಿ ಬಂಡಿ ನಿಧಾನವಾಯಿತು. ಅವಳು ಇಳಿಯುತ್ತಾಳೋ ಇಲ್ಲವೋ ಎಂದು ಎಣಿಸಿ ಹೇಳಲು ನನ್ನ ಹತ್ತಿರ ಯಾವ ಗೂಟವೂ ಇಲ್ಲ. ಇಳುಕಲು ಹತ್ತುತ್ತಿದ್ದಾಳೆ. ಹಗ್ಗಕ್ಕೆ ಕೈ ಹಾಕಿದಳು.

ಹಾಯಿ ಪೂರ್ತಿ ಇಳಿಯಿತು.

ಕಾಗದ ಮಡಚುತ್ತಿದ್ದೇನೆ. ಶರಣು.